ಮೂರ್ತಿ ಹೋಗಿ ಮೂತಿ ಆದದ್ದು

ಮಗಳೇ, ನಿನ್ನ ಸಂದೇಶ ಈಗಷ್ಟೇ ಕೇಳಿದೆ. ಅಜ್ಜಿಯ ಬೀಸುವ ಪದಗಳ ಪುಸ್ತಕಕ್ಕೆ ಪ್ರೆಸ್‌ನವರು ನಾಳೆ ಬೆಳಿಗ್ಗೆಯೇ ಒಪ್ಪಿಗೆ ಕೇಳಿದ್ದಾರೆ, ಮೊಬೈಲಿನಲ್ಲಿ ಪುಟಗಳು ಚೆನ್ನಾಗಿಯೇ ಕಾಣುತ್ತಿವೆ, 500 ಪ್ರತಿಗೆ ಹೂಂ ಅನ್ನಲೇ ಎಂದು ಕೇಳಿದ್ದೀಯ. ಅನ್ನಬೇಡ. ಕಾಗದದ ಮೇಲೆ ಕರಡು ತೆಗೆಸಿ ಓದುವವರೆಗೆ ಹೂಂ ಅನ್ನಬೇಡ.

ನಿಮ್ಮ ಅಜ್ಜನ ಪುಸ್ತಕದ ಕಥೆ ನಮ್ಮ ಮನೆಯವರ ಈ ಗುಂಪಿನಲ್ಲಿರುವ ಎಲ್ಲರಿಗೂ ಗೊತ್ತು, ನೀನಾಗ ತೊಟ್ಟಿಲಲ್ಲಿದ್ದೆ. ಆಲಮಟ್ಟಿ ಹಿನ್ನೀರಿಗೆ ಹೋದ ಹಳೆಯ ಬಾಗಲಕೋಟೆಯ ಓಣಿಗಳನ್ನು ಅಪ್ಪ ಒಂದೊಂದಾಗಿ ಹೇಳಿದರು, ನಾನು ಬರೆದುಕೊಂಡೆ. ನವನಗರದಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದೆವು. ಪರದೆಯ ಮೇಲೆ ಒಂದು ತಪ್ಪೂ ಇರಲಿಲ್ಲ. ಪ್ರೆಸ್‌ನವರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇರಲಿಲ್ಲವಂತೆ, ಅರ್ಕಾವತ್ತುಗಳೆಲ್ಲ ಉದುರಿಹೋದವು. ಸೂರ್ಯ ಸೂಯ ಆದ, ಮಾರ್ಗ ಮಾಗ ಆಯಿತು. ಅದನ್ನೂ ಸಹಿಸಬಹುದಿತ್ತು. ಮುಖಪುಟ ತಿರುಗಿಸಿದರೆ ಅಪ್ಪನ ಹೆಸರಿನ ಕೊನೆಯ ಮೂರ್ತಿ ಹೋಗಿ ಮೂತಿ ಎಂದು ದಪ್ಪಕ್ಷರದಲ್ಲಿ ಕುಳಿತಿತ್ತು! ವೇದಿಕೆಗೆ ಬಂದ ಅತಿಥಿಗಳು ಕನ್ನಡಕ ಏರಿಸಿಕೊಂಡು ಅದನ್ನೇ ಗಟ್ಟಿಯಾಗಿ ಓದಿದರು. ಅಪ್ಪ ಮುಂದಿನ ಸಾಲಿನಲ್ಲಿ ಕುಳಿತು ತಮ್ಮ ಮೂತಿ ಸವರಿಕೊಂಡು ನಕ್ಕರು. ನಾನು ತಲೆ ಎತ್ತಲಿಲ್ಲ. ಆಮೇಲೆ ಮೂರು ಸಂಜೆ ಕುಳಿತು ಕಪ್ಪು ಪೆನ್ನಿನಿಂದ ಪ್ರತಿಯೊಂದು ಪುಸ್ತಕದಲ್ಲೂ ಆ ಒಂದು ಅರ್ಕಾವತ್ತು ಬರೆದೆ. ಒಳಗಿನವುಗಳಿಗೆ ಯಾರ ಕೈ ಸಾಲುತ್ತದೆ?

ಅದಕ್ಕೇ ಮತ್ತೆ ಹೇಳುತ್ತೇನೆ, ಕಾಗದದ ಮೇಲೆ ಓದದೆ ಹೂಂ ಅನ್ನಬೇಡ.

ಆ ಮೂರು ಸಂಜೆ ಸಹಾಯಕ್ಕೆ ಯಾರು ಬಂದರು, ಹೇಳಲಿ ನೋಡೋಣ. ಪುಸ್ತಕ ಒಯ್ಯಲು ಮಾತ್ರ ಎಲ್ಲರೂ ಬಂದರು. ಗೌರವ ಪ್ರತಿಯಂತೆ! ಬೀಗರಿಗೆ ಹಂಚುತ್ತೇನೆಂದು ಏಳು ಪ್ರತಿ ಒಯ್ದವರು ಈ ಗುಂಪಿನಲ್ಲೇ ಇದ್ದಾರೆ. ಎರಡು ವರ್ಷದ ನಂತರ ಜಮಖಂಡಿಗೆ ಹೋದಾಗ ಅವರ ಅಟ್ಟದ ಮೇಲೆ ಏಳೂ ಹಾಗೆಯೇ ಇದ್ದವು, ನಾನು ಕಟ್ಟಿದ್ದ ಸೆಣಬಿನ ದಾರವನ್ನೂ ಬಿಚ್ಚಿರಲಿಲ್ಲ. ನಾನು ಚಹಾ ಕುಡಿದು ಸುಮ್ಮನೆ ಬಂದೆ. ನಿನ್ನ ಪುಸ್ತಕಕ್ಕೆ ಬೆಲೆ ಹಾಕು, ಅತ್ತೆ ಎಂದು ನನಗೂ ಬಿಡಬೇಡ.

ಹಾಂ, ಮುಖ್ಯ ಮಾತೇ ಮರೆಯುತ್ತಿದ್ದೆ. ನೀನು ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯುನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ. ಪುಟ ಕಟ್ಟುವವರು ಹಳೆಯ ಪೇಜ್‌ಮೇಕರ್ ತಂತ್ರಾಂಶ ಬಳಸಿದರೆ ಅದನ್ನು ನುಡಿ ಅಕ್ಷರಕ್ಕೆ ಬದಲಾಯಿಸುತ್ತಾರೆ, ಒತ್ತಕ್ಷರ ಕೆಡುವುದು ಅಲ್ಲಿಯೇ. ಪಿಡಿಎಫ್‌ನೊಳಗೆ ಫಾಂಟ್ ಸೇರಿಸಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳು. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆಗೆ, ದುಡ್ಡು ಕೇಳಿದರೆ ಕೊಡಬೇಡ, ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ಅಚ್ಚಿಗೆ ಮೊದಲೇ ಹಾಕು, ಸಂಖ್ಯೆ ಒಳಪುಟದಲ್ಲೂ ಹಿಂಬದಿಯಲ್ಲೂ ಬರಬೇಕು. ಒಂದು ಫಾರಂ ಎಂದರೆ 16 ಪುಟ. 130 ಪುಟವಾದರೆ ಎರಡು ಪುಟಕ್ಕಾಗಿ ಇನ್ನೊಂದು ಫಾರಂ ಹಿಡಿಯುತ್ತದೆ, ಹೇಗಾದರೂ 128ಕ್ಕೆ ಇಳಿಸು. ಪುಟ ಗಟ್ಟಿಯಾದ ಮೇಲೆಯೇ ಮುಖಪುಟ ಮಾಡಿಸು, ಬೆನ್ನಿನ ಅಗಲ ಅದರ ಮೇಲೆ ನಿಂತಿದೆ.

ವಿಜಯಪುರದಿಂದ ಬರುವ ಯಾರ ಕೈಯಲ್ಲಾದರೂ ಕರಡು ಕಳಿಸು, ಕೆಂಪು ಪೆನ್ನು ನನ್ನ ಹತ್ತಿರ ಇದೆ.