ಎಳ್ಳು-ಬೆಲ್ಲ ಅಂಟಿಕೊಳ್ಳದಂತೆ ಏನು ಮಾಡಬೇಕು?

ವಿಜಯನಗರದ ಸೊಸೆ: ಅತ್ತೆ ತೀರಿಕೊಂಡ ಮೇಲೆ ಎಳ್ಳು-ಬೆಲ್ಲದ ಕೆಲಸ ನನ್ನ ಪಾಲಿಗೆ ಬಂದಿದೆ. ಹೋದ ಸಂಕ್ರಾಂತಿಗೆ ಗಾಂಧಿ ಬಜಾರಿನಿಂದ ಅಚ್ಚುಬೆಲ್ಲ, ಕೊಬ್ಬರಿ ತಂದು, ಅವರ ಅಡಕತ್ತರಿಯಲ್ಲೇ ಕತ್ತರಿಸಿದೆ. ಎರಡೇ ದಿನಕ್ಕೆ ಬೆಲ್ಲ ನೀರೊಡೆದು ಎಳ್ಳೆಲ್ಲ ಅದಕ್ಕೇ ಮೆತ್ತಿಕೊಂಡಿತು. ಈ ಬಾರಿ ಮಗಳು 40 ಕಾಗದದ ಪೊಟ್ಟಣ ಮಾಡಿ, ಒಂದೊಂದರ ಮೇಲೂ ಕಬ್ಬಿನ ಜಲ್ಲೆ ಬಿಡಿಸಿದ್ದಾಳೆ. ಅವು ಹಾಳಾಗಬಾರದು. ನಾನು ಎಲ್ಲಿ ತಪ್ಪಿದೆ?

ಮಲ್ಲೇಶ್ವರದಿಂದ: ಎಳ್ಳು ಬಿಸಿಯಿರುವಾಗಲೇ ಬೆರೆಸಿದಿರಾ? ಹುರಿದ ಎಳ್ಳು, ಕಡಲೆಕಾಯಿ ಬೀಜ ಪೂರ್ತಿ ತಣ್ಣಗಾಗಬೇಕು. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಎರಡು ಮೂರು ದಿನ ಒಣಗಿಸಿ. ಡಬ್ಬಿಯಲ್ಲಿ ಕುಲುಕಿದರೆ ಗಲಗಲ ಎನ್ನಬೇಕು. ಬೆಲ್ಲದ ಚೂರಿಗೂ ಬಿಸಿಲು ಬೇಕು. ಜನವರಿಯ ಮಂಜು ಕರಗುವ ಮುನ್ನ ಮಾತ್ರ ಹೊರಗಿಡಬೇಡಿ.

ಜಯನಗರದಿಂದ: ನಾನು ಬೆಲ್ಲವನ್ನು ಬೇರೆಯೇ ಇಟ್ಟು, ಹಬ್ಬದ ಬೆಳಿಗ್ಗೆ ಬೆರೆಸುತ್ತೇನೆ. ಸಕ್ಕರೆ ಅಚ್ಚನ್ನು ಪೊಟ್ಟಣದ ಮೇಲ್ಭಾಗದಲ್ಲಿಡಿ, ಅಡಿಯಲ್ಲಿಟ್ಟರೆ ಮುರಿಯುತ್ತದೆ.

ವಿಜಯನಗರದ ಸೊಸೆ: ಹೌದು, ಬಾಣಲೆಯಿಂದ ಇಳಿಸಿದ ಎಳ್ಳನ್ನು ಹಾಗೆಯೇ ಸುರಿದಿದ್ದೆ! ಕೊಬ್ಬರಿ ಈಗಾಗಲೇ ತಾರಸಿಯಲ್ಲಿದೆ. ಕಾಗೆ ಮುಟ್ಟದಂತೆ ಮಾವನವರ ಹಳೆಯ ಪಂಚೆ ಹೊದಿಸಿದ್ದೇನೆ. ಅತ್ತೆಯೂ ಅದನ್ನೇ ಹೊದಿಸುತ್ತಿದ್ದರು.