‘ಅಮಲು ಇಳಿಸುವ’ ಕೇಂದ್ರವೋ, ‘ಇಳಿಯುವ’ ಕೇಂದ್ರವೋ?

ಗೆಳೆಯರೇ, ನಾಲ್ಕು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಅಮೆರಿಕದ ಕೌಂಟಿಯೊಂದರ (ನಮ್ಮ ಜಿಲ್ಲೆಯಂಥದ್ದು) ಯೋಜನೆಯ ಬಗ್ಗೆ ಕನ್ನಡದಲ್ಲಿ ಬರೆಯಬೇಕಾಗಿದೆ. ಅಲ್ಲಿನ ಸ್ಥಳೀಯ ಆಡಳಿತ ‘ಸೋಬರಿಂಗ್ ಅಂಡ್ ಕ್ರೈಸಿಸ್ ಕೇರ್ ಸೆಂಟರ್’ ಕಟ್ಟಲು ಹೊರಟಿದೆ. ಇದಕ್ಕೆ ಏನೆನ್ನೋಣ?

ಮೊದಲು ಜಾಗ ಎಂಥದ್ದು ಅಂತ ಹೇಳಿಬಿಡುತ್ತೇನೆ. ವಿಪರೀತ ಕುಡಿದು ಬೀದಿಯಲ್ಲಿ ಬಿದ್ದವರನ್ನು ಲಾಕಪ್ಪಿಗೂ ಹಾಕದೆ, ಆಸ್ಪತ್ರೆಯ ತುರ್ತು ವಾರ್ಡಿಗೂ ಸೇರಿಸದೆ ಇಲ್ಲಿಗೆ ಕರೆತರುತ್ತಾರೆ. ಮಲಗಲು ಹಾಸಿಗೆ, ಕುಡಿಯಲು ನೀರು, ಉಸಿರಾಟ ಸರಿಯಿದೆಯಾ ಅಂತ ಆಗಾಗ ನೋಡುವ ನರ್ಸು. ಕೆಲವು ಗಂಟೆ ಕಳೆದ ಮೇಲೆ ಎದ್ದು ಹೋಗಬಹುದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2003ರಲ್ಲಿ, ಹ್ಯೂಸ್ಟನ್‌ನಲ್ಲಿ 2013ರಲ್ಲಿ ಇಂಥವು ಶುರುವಾದವು.

‘ವ್ಯಸನಮುಕ್ತಿ ಕೇಂದ್ರ’ ಅಂದರೆ ಆಗಲ್ವಾ ಅಂತ ಒಬ್ಬರು ಕೇಳಿದರು. ಆಗುವುದಿಲ್ಲ. ಅಲ್ಲಿ ಬಿಡಿಸುವುದು ಚಟ. ಇಲ್ಲಿ ಇಳಿಯಬೇಕಾದ್ದು ಇವತ್ತು ಕುಡಿದದ್ದು, ಅಷ್ಟೇ. ಜೀವನದಲ್ಲಿ ಮೊದಲ ಸಲ ಕುಡಿದವನೂ ಇಲ್ಲಿಗೆ ಬರಬಹುದು.

ಹಾಗಾದರೆ ‘ಮತ್ತು ಇಳಿಸುವ ಕೇಂದ್ರ’? ಬರೆದು ನೋಡಿ: ‘ಮತ್ತು ಇಳಿಸುವ ಮತ್ತು ತುರ್ತು ಆರೈಕೆ ಕೇಂದ್ರ’. ಮೊದಲ ‘ಮತ್ತು’ವನ್ನು ಓದಿದವರು ಹಿಂದಿನ ಸಾಲು ಎಲ್ಲಿ ಹೋಯಿತು ಅಂತ ಹುಡುಕುತ್ತಾರೆ. ‘ಸೊಕ್ಕು’ ಅನ್ನೋದಕ್ಕೂ ಅಮಲು ಎಂಬ ಅರ್ಥವಿದೆ. ಆದರೆ ಸರ್ಕಾರದ ಬೋರ್ಡಿನ ಮೇಲೆ ‘ಸೊಕ್ಕಿಳಿಸುವ ಕೇಂದ್ರ’ ಅಂತ ಕಂಡರೆ ಯಾರು ತಾನೇ ಒಳಗೆ ಕಾಲಿಡುತ್ತಾರೆ? ‘ನಶೆ’ಯನ್ನು ಕೇಳಿದರೆ ಈಗ ಜಾಸ್ತಿ ಡ್ರಗ್ಸೇ ನೆನಪಾಗುತ್ತದೆ. ಉಳಿದದ್ದು ‘ಅಮಲು’. ಅದಕ್ಕೆ ಅಧಿಕಾರ, ಆಡಳಿತ ಎಂಬ ಹಳೆಯ ಅರ್ಥವೂ ಇದೆ, ಅಮಲ್ದಾರರನ್ನು ನೆನೆಸಿಕೊಳ್ಳಿ. ಆಡಳಿತವೇ ಕಟ್ಟುವ ಕಟ್ಟಡಕ್ಕೆ ‘ಅಮಲಿಳಿಸುವ’ ಎಂಬ ಹೆಸರು ನನಗಂತೂ ನಗು ತರಿಸಿತು. ಆದರೂ ಇದ್ದುದರಲ್ಲಿ ಇದೇ ವಾಸಿ.

ನನ್ನ ನಿಜವಾದ ತಕರಾರು ಮುಂದಿನ ಪದದ ಮೇಲೆ. ‘ಇಳಿಸು’ ಅಂದರೆ ಯಾರೋ ಕೈ ಹಾಕಿ ಇಳಿಸಬೇಕು. ಇಲ್ಲಿ ಯಾರೂ ಇಳಿಸುವುದಿಲ್ಲ, ಇಳಿಸಲು ಬರುವುದೂ ಇಲ್ಲ. ಕಾಫಿ ಕುಡಿಸಿ, ತಣ್ಣೀರು ಸುರಿಯಿರಿ, ಎಚ್ಚರವಾದಂತೆ ಕಾಣಬಹುದು, ರಕ್ತದಲ್ಲಿರುವ ಆಲ್ಕೋಹಾಲು ಬೇಗ ಕಡಿಮೆಯಾಗುವುದಿಲ್ಲ. ಯಕೃತ್ತು ತನ್ನ ವೇಗದಲ್ಲೇ ಕರಗಿಸಬೇಕು. ಇಳಿಯುವ ತನಕ ಪಕ್ಕದಲ್ಲಿ ಕಾಯುವುದೇ ಅಲ್ಲಿನವರ ಕೆಲಸ. ಹಾಗಾಗಿ ‘ಇಳಿಯುವ’ ಎಂಬುದೇ ಸರಿ ಅನ್ನಿಸುತ್ತದೆ. ಆದರೆ ‘ಅಮಲಿಳಿಯುವ ಕೇಂದ್ರ’ ಅಂದಾಗ ಅಮಲು ಇಳಿದಿರುವುದು ಕೇಂದ್ರಕ್ಕೇ ಎಂಬಂತೆ ಕೇಳಿಸುತ್ತದೆ. ‘ಇಳಿದಾಣ’ ಅಂತ ಚಿಕ್ಕದು ಮಾಡಿದೆ, ಬಸ್ ಸ್ಟಾಪ್ ಆಯಿತು. ‘ಅಮಲಾಸರೆ’ ಅಂದೆ, ಅಮಲಿಗೇ ಆಸರೆ ಕೊಟ್ಟಂತಾಯಿತು!

ಬೇರೆ ಭಾಷೆಯವರು ಏನು ಮಾಡಿದ್ದಾರೆ ಅಂತ ಇಣುಕಿದೆ. ರಷ್ಯಾದ ತುಲಾ ಊರಿನಲ್ಲಿ 1902ರಲ್ಲೇ ಇಂಥ ಮನೆ ತೆರೆದಿತ್ತು. ಅವರ ‘ವಿತ್ರೆಜ್ವಿತೆಲ್’ ನಮ್ಮ ‘ಇಳಿಸುವ’ ಜಾತಿಯದು. ಪ್ರಾಗ್‌ನಲ್ಲಿ 1951ರಲ್ಲಿ ವೈದ್ಯ ಯಾರೊಸ್ಲಾವ್ ಸ್ಕಾಲಾ ಶುರುಮಾಡಿದ್ದಕ್ಕೆ ಜನ ‘ಜಾಖಿತ್ಕಾ’ ಅಂದರು. ಅದರಲ್ಲಿ ಹಿಡಿದಿಡುವ ಭಾವವಿದೆ, ನಮಗೆ ಬೇಡ. ಜರ್ಮನ್ನರ ‘ನ್ಯುಖ್ಟರ್ನ್’ ಮಜವಾಗಿದೆ. ಕುಡಿದಿಲ್ಲದವನೂ ನ್ಯುಖ್ಟರ್ನ್, ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದವನೂ ನ್ಯುಖ್ಟರ್ನ್. ನಮ್ಮಲ್ಲಿ ಕುಡಿದವನಿಗೆ ಎಷ್ಟು ಹೆಸರು ಬೇಕಾದರೂ ಇವೆ. ಕುಡಿಯದೆ ನೆಟ್ಟಗಿರುವವನಿಗೆ ಒಂದೂ ಸಿಗುತ್ತಿಲ್ಲ.

ಆಗ ನೆನಪಾಯಿತು ‘ತಿಳಿ’. ಕದಡಿದ ನೀರು ತಿಳಿಯಾಗುತ್ತದೆ. ಹಳೆಯ ಕತೆಗಳಲ್ಲಿ ಬಾಣ ತಗುಲಿ ಬಿದ್ದವನು ‘ಮೂರ್ಛೆ ತಿಳಿದೆದ್ದು’ ಕೂರುತ್ತಾನೆ. ಅಲ್ಲೂ ಯಾರೂ ತಿಳಿಸುವುದಿಲ್ಲ, ತಾನಾಗಿ ತಿಳಿಯುತ್ತದೆ. ‘ಅಮಲು ತಿಳಿಯುವ ತನಕ’ ಅನ್ನಬಹುದಲ್ವಾ?

ಕ್ರೈಸಿಸ್ ವಿಷಯದಲ್ಲಿ ನನಗೆ ಅಷ್ಟು ಗೊಂದಲವಿಲ್ಲ. ‘ಬಿಕ್ಕಟ್ಟು’ ಅಂದರೆ ಸರ್ಕಾರ ಬೀಳುವ ಸುದ್ದಿ. ‘ವಿಪತ್ತು’ ಅಂದರೆ ನೆರೆ, ಭೂಕಂಪ. ಮನಸ್ಸು ತಡೆಯಲಾರದೆ ಕಂಗಾಲಾದ ಒಬ್ಬ ಮನುಷ್ಯನಿಗೆ ‘ಸಂಕಟ’ವೇ ಸರಿ. ಸಂಕಟ ಬಂದಾಗ ವೆಂಕಟರಮಣ ಅಂತ ಗಾದೆಯೇ ಇದೆಯಲ್ಲ. ‘ಸಂಕಟದ ಹೊತ್ತಿನ ಆರೈಕೆ’ ಅಂತ ಬರೆದಿದ್ದೇನೆ. ಉದ್ದವಾಯಿತು, ಇರಲಿ.

ಇನ್ನೊಂದು ಸಣ್ಣ ತೊಡಕು. ಅಲ್ಲಿಗೆ ಬಂದವರನ್ನು ಏನೆಂದು ಕರೆಯುವುದು? ರೋಗಿ ಅಲ್ಲ, ಆರೋಪಿ ಅಲ್ಲ, ‘ಫಲಾನುಭವಿ’ ಅಂದರೆ ಕುಡಿತದ ಫಲವೋ ಯೋಜನೆಯ ಫಲವೋ ಗೊತ್ತಾಗಲ್ಲ. ಸದ್ಯಕ್ಕೆ ‘ಬಂದವರು’ ಅಂತಲೇ ಇಟ್ಟಿದ್ದೇನೆ.

ಈಗ ನಿಮ್ಮನ್ನು ಕೇಳುವುದು ಇಷ್ಟು. ಕುಡಿದದ್ದು ಇಳಿಯಿತು ಅನ್ನುವುದಕ್ಕೆ ‘ತಿಳಿಯಿತು’ ಅಂತ ಯಾರಾದರೂ ಆಡುವುದನ್ನು ಕೇಳಿದ್ದೀರಾ? ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಬರವಣಿಗೆಯಲ್ಲಿ ಅಲ್ಲ, ಬಾಯಿಮಾತಿನಲ್ಲಿ.