ಕುಲುಮೆಯವರು 'ಬಂತೋ' 'ಬಂದರೋ'? ಜೀವ, ಆತ್ಮ ಪದಗಳ ಬಗ್ಗೆ ಒಂದು ಪ್ರಶ್ನೆ

ಗೆಳೆಯರೇ,

ತುಮಕೂರಿನ ಕ್ಯಾತ್ಸಂದ್ರದಲ್ಲಿ ನಾವು ಐದು ಜನ ಭಾನುವಾರ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರೂ ಒಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುವ ಆಟ ಅದು. ಆಟ ನಡೆಸುವವನು ನಾನು. ಪುಸ್ತಕ ಇಂಗ್ಲಿಷಿನದು, ಮಾತು ಕನ್ನಡದ್ದು. ಹೋದ ವಾರ ಒಂದು ಪದಕ್ಕೆ ಜಗಳ ಹತ್ತಿ, ತಂದಿಟ್ಟ ತಟ್ಟೆ ಇಡ್ಲಿ ಆರಿಹೋಯಿತು.

ಆದದ್ದಿಷ್ಟು. ಮಾಂತ್ರಿಕನೊಬ್ಬ 'ಮ್ಯಾಜಿಕ್ ಜಾರ್' ಹಾಕಿದ. ತನ್ನ ಆತ್ಮವನ್ನು ರತ್ನದೊಳಗೆ ಇಟ್ಟು, ಅಲ್ಲಿಂದ 100 ಅಡಿಯೊಳಗೆ ಇರುವವರ ಮೈಗೆ ನುಗ್ಗುವ ಮಂತ್ರ ಅದು. ನಾನು 'ಪರಕಾಯ ಪ್ರವೇಶ' ಎಂದೆ. ಎಲ್ಲರಿಗೂ ತಟ್ಟನೆ ಅರ್ಥವಾಯಿತು, ಆದರೆ ಪೂರ್ತಿ ಹೊಂದುವುದಿಲ್ಲ. ಅಮರುಕ ರಾಜನ ಕಥೆಯಲ್ಲಿ ಶಂಕರಾಚಾರ್ಯರು ಹೊಗುವುದು ಸತ್ತ ದೇಹವನ್ನು. ಇಲ್ಲಿ ಬದುಕಿರುವವರ ಮೈ, ಅವರ ಆತ್ಮ ಹೋಗಿ ರತ್ನದಲ್ಲಿ ಸಿಕ್ಕಿಬೀಳುತ್ತದೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಜೀವ ಇರುವ ಅಜ್ಜಿಕಥೆಯೇ ಇದಕ್ಕೆ ಹತ್ತಿರ. ಅಲ್ಲಿ ಬರುವ ಪದ ಜೀವ, ಇಲ್ಲವೇ ಪ್ರಾಣ. 'ಆತ್ಮ' ಅಂದ ಅಜ್ಜಿಯನ್ನು ನಾನಂತೂ ಕಂಡಿಲ್ಲ.

ಮಂತ್ರ ಬಿದ್ದದ್ದು ಒಬ್ಬ ಗೆಳೆಯನ ಪಾತ್ರದ ಮೇಲೆ. ಅದು ವಾರ್‌ಫೋರ್ಜ್ಡ್. ಯುದ್ಧಕ್ಕೆಂದೇ ಮರ, ಲೋಹ ಸೇರಿಸಿ ಮಾಡಿದ ಆಳು. ನಾನು ಸುಮ್ನೆ 'ಯಂತ್ರಮಾನವ' ಅಂದುಕೊಂಡು ಬಂದಿದ್ದೆ. ಅವನು ಅದನ್ನೇ ಹಿಡಿದ.

"ಯಂತ್ರಕ್ಕೆ ಎಲ್ಲಿಯ ಆತ್ಮ? ನಂಗೆ ತಾಕಲ್ಲ."

"ಕರೆಂಟ್ ಬಂದ್ರೆ ಬೋರ್‌ವೆಲ್ ಮೋಟರ್‌ಗೆ ಜೀವ ಬಂತು ಅನ್ನಲ್ವಾ?" ಅಂದ ಇನ್ನೊಬ್ಬ.

"ಜೀವ ಬರುತ್ತೆ ಕಣೋ. ಆತ್ಮ ಬರುತ್ತಾ?"

ನಿಯಮದಲ್ಲಿ ಗೊಂದಲ ಇಲ್ಲ. ಐದನೇ ಆವೃತ್ತಿಯ 2014ರ ಪುಸ್ತಕದಲ್ಲಿ ಈ ಮಂತ್ರ ಯಾರ ಮೈಗೆ ನುಗ್ಗಬಹುದು ಎಂಬುದು ಒಂದೇ ಪದದ ಮೇಲೆ ನಿಂತಿದೆ: 'ಹ್ಯೂಮನಾಯ್ಡ್', ಅಂದರೆ ಮನುಷ್ಯರಂಥ ಜೀವಿ. ವಾರ್‌ಫೋರ್ಜ್ಡ್ ಇರುವ ಆಟದ ಲೋಕ ಎಬೆರಾನ್; ಅದರ 2019ರ ಪುಸ್ತಕದ ಪ್ರಕಾರ ವಾರ್‌ಫೋರ್ಜ್ಡ್ ಹ್ಯೂಮನಾಯ್ಡ್, ಹಾಗಾಗಿ ತಾಕುತ್ತದೆ. ಮಣ್ಣು, ಕಲ್ಲಿನ ಬೊಂಬೆಗೆ ಮಂತ್ರದಿಂದ ಚಲನೆ ಕೊಟ್ಟ ಗೋಲೆಂ 'ಕನ್‌ಸ್ಟ್ರಕ್ಟ್', ಅಂದರೆ ಮಾಡಿದ ವಸ್ತು, ಅದಕ್ಕೆ ತಾಕುವುದಿಲ್ಲ. ಅಂದರೆ ತಪ್ಪು ನನ್ನ 'ಯಂತ್ರಮಾನವ'ದ್ದು. ಎರಡಕ್ಕೂ ಬೇರೆ ಬೇರೆ ಪದ ಬೇಕು. ಗೋಲೆಂಗೆ 'ಮಂತ್ರದ ಗೊಂಬೆ' ಸಾಕು ಅನಿಸುತ್ತದೆ. ವಾರ್‌ಫೋರ್ಜ್ಡ್ ಹುಟ್ಟುವುದು ಕುಲುಮೆಯಲ್ಲಿ, ಅದಕ್ಕೆ 'ಕುಲುಮೆಯವರು' ಎಂದು ಇಟ್ಟಿದ್ದೇನೆ. ಕೊನೆಯ 'ಅವರು' ಇದೆಯಲ್ಲ, ಅದು ಅರ್ಧ ಜಗಳ ಮುಗಿಸುತ್ತದೆ.

ಇನ್ನರ್ಧ ಕ್ರಿಯಾಪದದಲ್ಲಿದೆ. ಕುಲುಮೆಯವರಲ್ಲಿ ಗಂಡು ಹೆಣ್ಣು ಇಲ್ಲ. 'ಬಂದ', 'ಬಂದಳು' ಎರಡೂ ಕೂರುವುದಿಲ್ಲ. 'ಬಂತು' ಅಂದರೆ ವಸ್ತು ಮಾಡಿದಂತೆ. ಆ ಲೋಕದಲ್ಲಿ ಯುದ್ಧ ಮುಗಿದು ಒಪ್ಪಂದವಾದ ಮೇಲೆ ಇವರು ಯಾರ ಸ್ವತ್ತೂ ಅಲ್ಲ, ಜನರೇ. 'ಬಂದರು' ಅಂದರೆ ಒಬ್ಬರೋ ಹತ್ತು ಜನರೋ ಗೊತ್ತಾಗಲ್ಲ, ಹೊಡೆದಾಟದ ನಡುವೆ ಅದು ಜಾಸ್ತಿ ಕಷ್ಟ.

ಆದರೆ 'ಬಂತು' ಅಷ್ಟು ಕೀಳೇ? ಮಗು ಅತ್ತಿತು ಅಂತೀವಿ. ನಮ್ಮ ಕಡೆ ಜಾತ್ರೆಯಲ್ಲಿ "ದೇವರು ಮೈಮೇಲೆ ಬಂತು" ಅಂತಲೇ ಹೇಳುವುದು, ಬಂದರು ಅಂತ ಅಲ್ಲ. ದೇವರಿಗೇ ಆಗುವುದಾದರೆ ಕಬ್ಬಿಣದ ಆಳಿಗೆ ಯಾಕಾಗಬಾರದು?

ಗೊಂಬೆಯಾಟದವರನ್ನು ಬಲ್ಲವರು ಇಲ್ಲಿದ್ದರೆ ಒಂದು ಕೇಳಿ ಹೇಳಿ: ಸೂತ್ರದ ಗೊಂಬೆ ರಂಗಕ್ಕೆ ಬಂದಾಗ ತೆರೆಯ ಹಿಂದೆ ಅವರವರಲ್ಲಿ "ಸೀತೆ ಬಂದಳು" ಅಂತಾರೋ, "ಸೀತೆ ಬಂತು" ಅಂತಾರೋ? ಭಾನುವಾರದೊಳಗೆ ತಿಳಿದರೆ ಉಪಕಾರ. ಗೆಳೆಯನ ಕುಲುಮೆಯವರು ಇನ್ನೂ ಆ ರತ್ನದೊಳಗೇ ಇದೆ. ಇದ್ದಾರೆ.